ಸಂಸೆಯ ಹೋಂಸ್ಟೇಗೆ ನಾಲ್ಕು ಸ್ಟಾರ್, ಅವರ ‘ಘೋಸ್ಟ್ ಟೌನ್ ಟೂರಿ’ಗೆ ಒಂದು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗಾಗಿ ಮೊದಲೇ ಅಂಕ ಹೇಳಿಬಿಡುತ್ತೇನೆ. ಊಟಕ್ಕೆ ಐದಕ್ಕೆ ಐದು. ರೂಮಿಗೆ ಮೂರೂವರೆ. ಎಲ್ಲ ಸೇರಿಸಿ ಹೋಂಸ್ಟೇಗೆ ನಾಲ್ಕು. ಅವರದೇ ಜೀಪಿನಲ್ಲಿ ಕರೆದುಕೊಂಡು ಹೋಗಿ ತೋರಿಸುವ ‘ಕುದುರೆಮುಖ ಘೋಸ್ಟ್ ಟೌನ್ ಟೂರ್’ ಅನ್ನುವುದಕ್ಕೆ ಒಂದು. ಆ ಒಂದೂ ಡ್ರೈವರ್ ಹುಡುಗನ ಮುಖ ನೋಡಿ ಕೊಟ್ಟಿದ್ದು.

ಹೋಂಸ್ಟೇ ಹೆಸರು ಹಾಕಿಲ್ಲ. ಹೊರಡುವಾಗ ಯಜಮಾನರು, “ಅಕ್ಕ, ಬರೀರಿ, ಬೇಡ ಅನ್ನಲ್ಲ. ಆದ್ರೆ ಗೀಸರ್ ಸರಿ ಮಾಡ್ಸಿದ ಮೇಲೆ ಹೆಸರು ಹಾಕಿ” ಅಂದರು. ಮಾತು ಕೊಟ್ಟಿದ್ದೇನೆ. ಸಂಸೆ ದಾಟಿ ಕುದುರೆಮುಖದ ಕಡೆ ಹೋಗುವಾಗ ಎಡಗಡೆ ನೀಲಿ ಗೇಟು, ಪಕ್ಕದಲ್ಲಿ ಹಳೇ ಟಯರಿನೊಳಗೆ ನೆಟ್ಟ ಆಂಥೂರಿಯಂ ಕಂಡರೆ ಅದೇ.

ನಾನು ಹಾಸನದ ಕೆ.ಆರ್. ಪುರಂನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳೆದದ್ದು ಮಾತ್ರ ಕುದುರೆಮುಖದ ಕ್ವಾರ್ಟರ್ಸಿನಲ್ಲಿ. 1983ರಲ್ಲಿ ನಾಲ್ಕೂವರೆ ವರ್ಷದವಳಿದ್ದಾಗ ಅಪ್ಪನ ಕೈ ಹಿಡಿದು ಹೋದವಳು, 2001ರಲ್ಲಿ ಮದುವೆಯಾಗಿ ಹೊರಟೆ. ಅಪ್ಪ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಡಂಪರ್ ಆಪರೇಟರ್. ಹಾಗಾಗಿ ಟೂರಿನ ವಿಷಯದಲ್ಲಿ ನನ್ನ ತಕ್ಕಡಿ ಒಂದು ಕಡೆ ವಾಲಿದೆ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಪರದೆ, ಹಾಸಿಗೆ, ದಿಂಬಿನ ವಿಷಯದಲ್ಲಿ ಒಪ್ಪುವುದಿಲ್ಲ. ಅಲ್ಲಿ ನನ್ನ ಮಾತೇ ಕಡೇ ಮಾತು.

ಹೋದದ್ದು ಡಿಸೆಂಬರ್ ಮೊದಲ ವಾರ, ಎರಡು ರಾತ್ರಿ, ಮೂರು ಜನ: ನಾನು, ನಮ್ಮನೆಯವರು, ನನ್ನ ಅಮ್ಮ. ಅಮ್ಮನಿಗೆ ಎಪ್ಪತ್ತನಾಲ್ಕು. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು. ಆ ದಾರಿಯಲ್ಲಿ ಹೋಗಿ ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋದವರನ್ನು ನಾನಿನ್ನೂ ಕಂಡಿಲ್ಲ. ಅಲ್ಲಿಂದ ಕಳಸದವರೆಗೆ ಅಮ್ಮ ನಿಂಬೆಹಣ್ಣು ಮೂಗಿಗೆ ಹಿಡಿದೇ ಕೂತಿದ್ದರು. ತೋಟಗಳಲ್ಲಿ ಕಾಫಿ ಹಣ್ಣು ಕೆಂಪಗಾಗಿತ್ತು, ಕೊಯ್ಯುವ ಜನ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು.

ಈಗ ರೂಮು. ಒಟ್ಟು ನಾಲ್ಕಿವೆ, ಎರಡು ತೋಟದ ಕಡೆ, ಎರಡು ರಸ್ತೆ ಕಡೆ. ತೋಟದ ಕಡೆಯವು ಬೆಂಗಳೂರಿನ ಟ್ರೆಕ್ಕಿಂಗ್ ಹುಡುಗರಿಗೆ ಹೋಗಿದ್ದವು, ನಮಗೆ ಸಿಕ್ಕಿದ್ದು ರಸ್ತೆ ಬದಿಯದು. ಹಾಸಿಗೆ ಹತ್ತಿಯದು, ಈ ಬೇಸಿಗೆಯಲ್ಲೇ ಬಿಚ್ಚಿ ಹಿಂಜಿಸಿ ತುಂಬಿಸಿದ್ದು ಮುಟ್ಟಿದರೆ ಗೊತ್ತಾಗುತ್ತದೆ, ಗಂಟಿಲ್ಲ. ಅದಕ್ಕೆ ಪೂರ್ತಿ ಮಾರ್ಕು. ದಿಂಬಿನ ಕವರು ಪಾಲಿಸ್ಟರ್. ಆ ಚಳಿಯಲ್ಲಿ ಕೆನ್ನೆಗೆ ಒದ್ದೆ ಬಟ್ಟೆ ಇಟ್ಟ ಹಾಗಾಗುತ್ತದೆ, ಮನೆಯಿಂದ ಒಂದು ಕಾಟನ್ ಟವೆಲ್ ಒಯ್ದು ಹಾಸಿಕೊಳ್ಳಿ. ಕಂಬಳಿಗೆ ಸ್ವಲ್ಪ ಮುಗ್ಗುಲು ವಾಸನೆ ಇತ್ತು. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಊರಿನ ಪಕ್ಕದಲ್ಲಿ ಇದಕ್ಕೆ ಮಾರ್ಕು ಕಳೆಯುವುದು ನ್ಯಾಯವಲ್ಲ. ನಾವು ಚಿಕ್ಕವರಿದ್ದಾಗ ಜೂನಿನಿಂದ ಸೆಪ್ಟೆಂಬರ್‌ವರೆಗೆ ಯೂನಿಫಾರಂ ಒಲೆಯ ಮೇಲಿನ ಹಗ್ಗದಲ್ಲೇ ಒಣಗುತ್ತಿತ್ತು, ಇಡೀ ಕ್ಲಾಸಿಗೆ ಹೊಗೆ ವಾಸನೆ.

ಪರದೆಗೆ ಮಾತ್ರ ಕ್ಷಮೆ ಇಲ್ಲ. ಬಟ್ಟೆ ಒಳ್ಳೆಯದು, ದಪ್ಪ ಕಾಟನ್, ಬಣ್ಣ ಬಿಡದ್ದು. ಹೊಲಿಗೆ ಅನ್ಯಾಯ. ಹೆಮ್ಮಿಂಗ್ ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಬಿಚ್ಚಿ ನೇತಾಡುತ್ತಿತ್ತು. ಅಗಲ ಸಾಲದೆ ಎರಡು ಪರದೆಗಳ ನಡುವೆ ಒಂದು ಗೇಣು ಸಂದು. ರಾತ್ರಿ ಒಂದು ಪಿಕಪ್ ಬಂದರೆ ಹೆಡ್‌ಲೈಟು ನೆಟ್ಟಗೆ ಅಮ್ಮನ ಮುಖಕ್ಕೆ. ಮೊದಲ ರಾತ್ರಿ ಅಮ್ಮ ಮೂರು ಸಲ ಎದ್ದು ಕೂತು “ಯಾರೋ ಬಂದ್ರು ಕಣೇ” ಅಂದರು.

ಗೀಸರ್ ಕೆಟ್ಟಿತ್ತು ಅಂದೆನಲ್ಲ, ಅದರಿಂದ ನಮಗೆ ಲಾಭವೇ ಆಯಿತು. ಬಚ್ಚಲಿನ ಹಂಡೆಯಲ್ಲಿ ಸೌದೆ ಉರಿ ಹಾಕಿ ನೀರು ಕಾಯಿಸಿಕೊಟ್ಟರು. ಹೊರಗೆ ಮಂಜು, ಒಳಗೆ ಹಂಡೆ ನೀರು. ಯಜಮಾನರು ಅದನ್ನು ಸರಿ ಮಾಡಿಸದೇ ಇದ್ದರೇ ಚೆಂದ. ಮೊಬೈಲ್ ಸಿಗ್ನಲ್ಲು ಗೇಟಿನ ಹತ್ತಿರ ಮಾತ್ರ ಬರುತ್ತದೆ, ಅದೂ ಆಂಥೂರಿಯಂ ಟಯರಿನ ಮೇಲೆ ಹತ್ತಿ ನಿಂತರೆ.

ಊಟದ ಬಗ್ಗೆ ಸಾವಕಾಶವಾಗಿ ಬರೆಯಬೇಕು. ಮೊದಲ ರಾತ್ರಿ ಅಕ್ಕಿ ರೊಟ್ಟಿ, ನಾಟಿ ಕೋಳಿ ಸಾರು. ರೊಟ್ಟಿ ನಮ್ಮ ಹಾಸನದ ಕಡೆಯ ದಪ್ಪ ರೊಟ್ಟಿಯಲ್ಲ. ಅನ್ನ ಕಲಸಿ ನಾದಿದ ಹಿಟ್ಟಿನದು, ಕಾವಲಿಯಿಂದ ತೆಗೆದು ಕೆಂಡದ ಮೇಲೆ ಇಟ್ಟರೆ ಬಲೂನಿನ ಹಾಗೆ ಉಬ್ಬುತ್ತದೆ. ಅಂದು ಸೋಮವಾರ, ಅಮ್ಮ ಕೋಳಿ ಮುಟ್ಟುವುದಿಲ್ಲ. ಇದನ್ನು ಬುಕ್ ಮಾಡುವಾಗ ಹೇಳಲು ಮರೆತಿದ್ದೆ. ಮನೆಯಾಕೆ ಒಂದು ಮಾತೂ ಆಡದೆ ಒಳಗೆ ಹೋಗಿ, ಅರ್ಧ ಗಂಟೆಯಲ್ಲಿ ಬಾಳೆದಿಂಡಿನ ಪಲ್ಯ, ಕೆಸುವಿನ ಗೆಡ್ಡೆ ಹುಳಿ ಮಾಡಿ ತಂದಿಟ್ಟರು. ಜೊತೆಗೆ ಸೂಜಿಮೆಣಸಿನ ಚಟ್ನಿ. ಕಡುಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಒಂದು ಚಮಚದಷ್ಟೇ ಇಟ್ಟಿದ್ದರು, ನಮ್ಮನೆಯವರು “ಇಷ್ಟೇನಾ” ಅಂತ ನನ್ನ ಕಿವಿಯಲ್ಲಿ ಅಂದರು. ಬೆರಳ ತುದಿಯಷ್ಟು ಬಾಯಿಗಿಟ್ಟ ಮೇಲೆ ಮಾತಿಲ್ಲ, ನೀರಿನ ಚೊಂಬು ಹುಡುಕುತ್ತಿದ್ದರು. ಬೆಳಿಗ್ಗೆ ಅಕ್ಕಿ ತರಿ ಕಡುಬು, ಕಾಯಿ ಚಟ್ನಿ, ಮೇಲೆ ಮನೆಯ ತುಪ್ಪ. ಮಧ್ಯಾಹ್ನದ ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಜೀರಿಗೆ ವಾಸನೆಯದು. ಆ ಒಂದು ಮಿಡಿಗೆ ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ.

ಒಂದೇ ತಕರಾರು ಕಾಫಿ. ಕಾಫಿ ಬೆಳೆಯುವ ಮನೆಗಳಲ್ಲೇ ಕಾಫಿ ನೀರು ನೀರು ಅನ್ನುವುದು ನನ್ನ ಹಳೇ ಆರೋಪ, ಇಲ್ಲೂ ಸುಳ್ಳಾಗಲಿಲ್ಲ. ಒಳ್ಳೆಯ ಬೀಜವನ್ನೆಲ್ಲ ಮಾರಿ, ಉದುರಿದ ಬೀಜ ಹೆಕ್ಕಿ ಹುರಿದು ಕುಡಿಯುತ್ತಾರೆ. ಎರಡನೇ ದಿನ ಅಮ್ಮ ಒಲೆಯ ಮುಂದೆ ಹೋಗಿ ತಾವೇ ಡಿಕಾಕ್ಷನ್ ಇಳಿಸಿದರು. ಮನೆಯಾಕೆ ಬೇಸರ ಮಾಡಿಕೊಳ್ಳಲಿಲ್ಲ. “ಅಮ್ಮ ಇನ್ನೊಂದ್ ವಾರ ಇಲ್ಲೇ ಇರ್ಲಿ ಅಕ್ಕ, ನೀವು ಹೊರಡಿ” ಅಂದರು.

ಇಷ್ಟಾದ ಮೇಲೆ ಟೂರು. ಊಟದ ಹಾಲಿನ ಗೋಡೆಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಅಂಟಿಸಿದ್ದಾರೆ. ಮೇಲೆ ಮಂಜಿನಲ್ಲಿ ಮುಳುಗಿದ ಒಂದು ಕ್ವಾರ್ಟರ್ಸಿನ ಫೋಟೋ, ಕೆಳಗೆ ಕೆಂಪು ಅಕ್ಷರದಲ್ಲಿ: ‘ಒಂದೇ ರಾತ್ರಿಯಲ್ಲಿ ಖಾಲಿಯಾದ ಊರು! ಬ್ರಿಟಿಷರ ಕಾಲದ ನಿಗೂಢ ಗಣಿ! ಜೀಪಿಗೆ 1,500 ರೂ. ಮಾತ್ರ.’ ನಾನು ಓದುತ್ತಾ ನಿಂತೆ. ನಮ್ಮನೆಯವರು, “ಸುಮ್ನಿರು, ಇಲ್ಲಿ ಶುರು ಮಾಡ್ಬೇಡ” ಅಂದರು. ಅಮ್ಮ ಕನ್ನಡಕ ಹಾಕಿಕೊಂಡು ಓದಿ, “ಯಾವ ರಾತ್ರಿ?” ಅಂದರು. ದುಡ್ಡು ಕೊಟ್ಟು ಬುಕ್ ಮಾಡಿದವರೂ ಅಮ್ಮನೇ.

ಜೀಪು ಚೆನ್ನಾಗಿದೆ, ಸೀಟು ಹೊಸದಾಗಿ ಹೊಲಿಸಿದ್ದು, ರೆಕ್ಸಿನ್ ಮೇಲೆ ಡಬಲ್ ಹೊಲಿಗೆ. ಡ್ರೈವರೇ ಗೈಡು. ಇಪ್ಪತ್ತೆರಡರ ಹುಡುಗ, ಗಾಡಿ ಓಡಿಸುವುದರಲ್ಲಿ ಒಂದು ತಪ್ಪಿಲ್ಲ, ತಿರುವಿನಲ್ಲಿ ಅಮ್ಮನಿಗೆ ನಿಂಬೆಹಣ್ಣು ಬೇಕಾಗಲಿಲ್ಲ. ಗೈಡಿನ ಕೆಲಸ ಶುರುವಾದಾಗ ತೊಂದರೆಯೂ ಶುರುವಾಯಿತು. “ಇಲ್ಲಿ ಬ್ರಿಟಿಷರು ಚಿನ್ನ ತೆಗೀತಿದ್ರಂತೆ ಅಕ್ಕ, ಮತ್ತೆ ಕಬ್ಬಿಣ. ಎಂತದೋ ಆಗಿ ಎಲ್ಲ ಬಿಟ್ಟು ಓಡಿ ಹೋದ್ರು. ಸ್ಟೌ ಮೇಲಿನ ಪಾತ್ರೆ ಸಮೇತ ಹಾಗೇ ಉಂಟಂತೆ.”

ನಾನು ಬಾಯಿ ಮುಚ್ಚಿಕೊಂಡಿರಲು ಪ್ರಯತ್ನಪಟ್ಟೆ. ಅಮ್ಮ ಪಡಲಿಲ್ಲ.

ಓದುವವರಿಗೂ ಸರಿಯಾದ ಕಥೆ ಗೊತ್ತಿರಲಿ, ದುಡ್ಡು ಕೊಡುವ ಮೊದಲು. ಚಿನ್ನ ಇರಲಿಲ್ಲ. ಬ್ರಿಟಿಷರು ಇಲ್ಲಿ ಗಣಿ ಮಾಡಿಲ್ಲ. ಕಬ್ಬಿಣದ ಅದಿರು ಇದೆ ಅಂತ 1913ರಲ್ಲಿ ಕಂಡುಹಿಡಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಆಮೇಲೆ ಅರವತ್ತು ವರ್ಷ ಬೆಟ್ಟ ತನ್ನ ಪಾಡಿಗೆ ತಾನಿತ್ತು, ಏಕೆಂದರೆ ಅದಿರು ಬಡ ಅದಿರು. ನೂರಕ್ಕೆ 38ರ ಆಸುಪಾಸು ಕಬ್ಬಿಣ. ಅದನ್ನು ನುಣ್ಣಗೆ ಅರೆದು, ಅಯಸ್ಕಾಂತ ಹಿಡಿದು ಬೇರೆ ಮಾಡಿ, 67ಕ್ಕೆ ಏರಿಸಿದರೆ ಮಾತ್ರ ಮಾರುಕಟ್ಟೆಗೆ ಬರುವಂಥದ್ದು. ಹಾಗೆ ಮಾಡಿದ ಕಪ್ಪು ಹುಡಿಯನ್ನು ನೀರಿನಲ್ಲಿ ಕಲಸಿ, ಘಟ್ಟದ ಇಳಿಜಾರನ್ನೇ ನಂಬಿ, 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಬಿಡುತ್ತಿದ್ದರು. “67 ಪರ್ಸೆಂಟು, 67 ಕಿಲೋಮೀಟರು, ಮರೀಬೇಡ” ಅಂತ ಅಪ್ಪ ನನಗೆ ಬಾಯಿಪಾಠ ಮಾಡಿಸಿದ್ದರು, ಯಾರಾದರೂ ಪರೀಕ್ಷೆಯಲ್ಲಿ ಕೇಳುತ್ತಾರೇನೋ ಅನ್ನುವ ಹಾಗೆ. ಯಾರೂ ಕೇಳಲಿಲ್ಲ.

ಈ ಊರು ಹುಟ್ಟಿದ್ದು ಇರಾನಿನ ಆರ್ಡರಿಗೆ. 1975ರ ನವೆಂಬರಿನಲ್ಲಿ ಒಪ್ಪಂದ, ಅವರಿಂದ 63 ಕೋಟಿ ಡಾಲರ್ ಸಾಲ, ಪ್ರತಿಯಾಗಿ ವರ್ಷಗಟ್ಟಲೆ ಅದಿರು. 1976ರ ಏಪ್ರಿಲಿನಲ್ಲಿ ಗಣಿ ನಡೆಸುವ ಸರ್ಕಾರಿ ಕಂಪನಿ ಶುರುವಾಯಿತು, 1980ಕ್ಕೆ ಪ್ಲಾಂಟು ಸಿದ್ಧ. ಅಷ್ಟರಲ್ಲಿ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟಿದ್ದ. ಸಾಲದ ಉಳಿದ ಕಂತು ಬರಲಿಲ್ಲ, ಅದಿರು ಕೊಳ್ಳಲೂ ಅವರು ಬರಲಿಲ್ಲ. ಅಳತೆ ಕೊಟ್ಟು, ಸ್ವಲ್ಪ ಅಡ್ವಾನ್ಸ್ ಕೊಟ್ಟು ಹೋದ ಗಿರಾಕಿ ಮದುವೆ ಮುರಿದು ಬಟ್ಟೆ ಒಯ್ಯಲು ಬರದಿದ್ದರೆ ಹೊಲಿದವಳ ಪಾಡೇನು ಅಂತ ನನಗೆ ಚೆನ್ನಾಗಿ ಗೊತ್ತು. ಬೇರೆಯವರ ಮೈಗೆ ಹೊಂದಿಸಿ ಬಿಚ್ಚಿ ಹೊಲಿಯಬೇಕು. ಕಂಪನಿಯೂ ಬೇರೆ ದೇಶದ ಗಿರಾಕಿಗಳನ್ನು ಹುಡುಕಿತು, 1987ರಲ್ಲಿ ಮಂಗಳೂರಿನಲ್ಲಿ ಹುಡಿಯನ್ನು ಉಂಡೆ ಮಾಡುವ ಪೆಲೆಟ್ ಕಾರ್ಖಾನೆ ಹಾಕಿತು. ನಾವು ಬೆಳೆದದ್ದು ಈ ನಡುವಿನ ಕಾಲದಲ್ಲಿ.

ಗೈಡಿನ ಹಾಳೆಯಲ್ಲಿ ಇಲ್ಲದ ಒಂದು ಸಂಗತಿ ನಾನು ಸೇರಿಸುತ್ತೇನೆ. ರೇಡಿಯೋ ಸ್ಪೀಕರಿನಿಂದ ಕಿತ್ತ ಅಯಸ್ಕಾಂತಕ್ಕೆ ದಾರ ಕಟ್ಟಿ ರಸ್ತೆ ಬದಿಯ ಮಣ್ಣಿನಲ್ಲಿ ಎಳೆದುಕೊಂಡು ಹೋದರೆ ಹತ್ತು ಹೆಜ್ಜೆಗೆ ಅದಕ್ಕೆ ಕಪ್ಪು ಗಡ್ಡ ಬೆಳೆಯುತ್ತಿತ್ತು. ಯಾರ ಗಡ್ಡ ದೊಡ್ಡದು ಅಂತ ಪಂದ್ಯ. ಪಕ್ಕದ ಮನೆ ಮಲಯಾಳಿ, ಎದುರು ಮನೆ ಬಿಹಾರಿನವರು, ಹಿಂದಿನ ಸಾಲಿನಲ್ಲಿ ತಮಿಳರು. ನನಗೆ ಮೊದಲು ಕಾಜಾ ಹೊಲಿಯಲು ಕಲಿಸಿದವರು ಆ ಮಲಯಾಳಿ ಟೀಚರ್. ಇಂದಿಗೂ ನನ್ನ ಅಂಗಡಿಯಲ್ಲಿ ಇಂಚು ಎಣಿಸುವಾಗ ಬಾಯಲ್ಲಿ ಬರುವುದು ಒನ್ನು, ರಂಡು, ಮೂನ್ನು.

ಟೂರಿಗೆ ವಾಪಸ್ ಬರುತ್ತೇನೆ. ಊರೊಳಗೆ ಬಂದಾಗ ಹತ್ತು ಗಂಟೆ, ಮಂಜು ಇನ್ನೂ ಎದ್ದಿರಲಿಲ್ಲ. ಹುಡುಗ ಒಂದು ಸಾಲು ಕ್ವಾರ್ಟರ್ಸಿನ ಮುಂದೆ ಗಾಡಿ ನಿಲ್ಲಿಸಿ ಬ್ಲೂಟೂತ್ ಸ್ಪೀಕರ್ ಆನ್ ಮಾಡಿದ. ದೆವ್ವದ ಸಿನಿಮಾದ ಮ್ಯೂಸಿಕ್ಕು, ನಡುನಡುವೆ ಹೆಂಗಸಿನ ಕಿರುಚಾಟ. ಪ್ಯಾಕೇಜಿನಲ್ಲಿ ಇದೂ ಸೇರಿದೆಯಂತೆ. ಅಮ್ಮ, “ಇದ್ಯಾಕಪ್ಪಾ ಈ ಗೋಳು?” ಅಂತ ಕೇಳುವುದಕ್ಕೂ, ಮೂರನೇ ಮನೆಯ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು. ಸ್ವೆಟರ್ ಹಾಕಿಕೊಂಡ ಒಬ್ಬಾಕೆ ಹೊರಗೆ ಬಂದು, “ಸ್ವಲ್ಪ ಸೌಂಡ್ ಕಮ್ಮಿ ಮಾಡಿ, ಮಗು ಈಗಷ್ಟೇ ಮಲಗಿದೆ” ಅಂದು ಬಾಗಿಲು ಹಾಕಿಕೊಂಡರು.

ಇದು ನಿಮ್ಮ ಘೋಸ್ಟ್ ಟೌನ್.

ಜನ ಕಮ್ಮಿಯಾಗಿದ್ದಾರೆ, ಅದು ನಿಜ. 2001ರ ಜನಗಣತಿಯಲ್ಲಿ 8,095 ಜನ ಇದ್ದ ಊರು. ಆದರೆ ಪೊಲೀಸ್ ಠಾಣೆ ಇದೆ, ಪೋಸ್ಟಾಫೀಸಿದೆ (577142, ಅಮ್ಮ ಕಣ್ಣು ಮುಚ್ಚಿ ಹೇಳುತ್ತಾರೆ), ಬಸ್ಸು ಬರುತ್ತದೆ. ಬಸ್ ನಿಲ್ಲುವ ಕಡೆ ಒಂದು ಬೋರ್ಡಿಲ್ಲದ ಹೋಟೆಲಿನಲ್ಲಿ ನಾವು ಬನ್ಸ್, ಟೀ ತಗೊಂಡೆವು. ಬನ್ಸ್ ಬಿಸಿ ಇತ್ತು, ಒಳಗೆ ಜೀರಿಗೆ, ಬಾಳೆಹಣ್ಣು ಸರಿಯಾಗಿ ಕಳಿತದ್ದು. ಬೆಳಗಿನ ಜಾವ ಐದೂವರೆಗೇ ತೆಗೆಯುತ್ತಾರೆ ಅಂತ ಗೊತ್ತಾಗಿ ನನ್ನ ಎದೆ ಝಲ್ಲೆಂದಿತು. ಅಪ್ಪನ ಎ ಶಿಫ್ಟು ಆರಕ್ಕೆ. “ಆಗಿನ ಶಿಫ್ಟ್ ಟೈಮೇ ಇಟ್ಕೊಂಡಿದೀರಾ?” ಅಂತ ಕೇಳಿದೆ. ಗಲ್ಲಾದಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಎಂತ ಶಿಫ್ಟು ಮಾರಾಯ್ರೆ? ಬೆಳಿಗ್ಗೆ ಬಸ್ಸಿನವ್ರು, ಟ್ರೆಕ್ಕಿಂಗಿನವ್ರು.” ಟೀಗೆ ಹದಿನೈದು ರೂಪಾಯಿ. ಹೋಟೆಲಿಗೆ ಬೇರೆಯಾಗಿ ಐದು ಸ್ಟಾರು.

ನಮ್ಮ ಮನೆ ಸಿಕ್ಕಿತು. ಬಾಗಿಲಿಲ್ಲ, ಕಿಟಕಿಯ ಚೌಕಟ್ಟಿಲ್ಲ, ಗೋಡೆ ಪೂರ್ತಿ ಪಾಚಿ. ಬಚ್ಚಲಿನಲ್ಲಿ ಒಂದು ಗಿಡ ನನ್ನಷ್ಟೆತ್ತರ ಬೆಳೆದಿತ್ತು. ಒಳಗೆ ಕಾಲಿಡಬೇಡಿ ಅಂತ ಹುಡುಗ ಅಂದ, ಹಾವಿರುತ್ತದೆ, ಅವನ ಮಾತು ಸರಿಯೇ. ಅಮ್ಮ ಹೊರಗಿನಿಂದಲೇ ಅಡುಗೆಮನೆ ಕಿಟಕಿಯಲ್ಲಿ ಇಣುಕಿ ಒಲೆ ಕಟ್ಟೆ ನೋಡಿದರು. ನಾನು ಏನೋ ಅಳುತ್ತಾರೆ ಅಂದುಕೊಂಡು ಭುಜ ಹಿಡಿದೆ. “ಆಗ್ಲೂ ಎತ್ರ ಆಗಿತ್ತು ಕಣೇ ಇದು. ಮೂರು ಸಲ ಅರ್ಜಿ ಬರ್ಸಿದ್ದೆ ನಿಮ್ಮಪ್ಪನ ಕೈಲಿ. ಕೊನೇವರ್ಗೂ ಮಣೆ ಹಾಕ್ಕೊಂಡೇ ನಿಂತೆ” ಅಂದರು. ಹದಿನೆಂಟು ವರ್ಷ ಆ ಮಣೆಯ ಮೇಲೆ ನಿಂತು ನಮಗೆ ದೋಸೆ ಹುಯ್ದಿದ್ದಾರೆ.

ವಾಪಸ್ ಬರುವಾಗ ನಾನು ಹುಡುಗನಿಗೆ ಪಾಠ ಶುರು ಮಾಡಿದೆ. ಗಣಿ ಗುತ್ತಿಗೆ 1969ರಿಂದ 1999ರವರೆಗೆ ಮೂವತ್ತು ವರ್ಷದ್ದು. ಅದರ ನಡುವೆ 1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಗುತ್ತಿಗೆ ಮುಂದುವರಿಸುವ ಮಾತು ಬಂದಾಗ ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆಯಿತು. 2002ರ ಅಕ್ಟೋಬರ್ 30ಕ್ಕೆ ತೀರ್ಪು ಬಂತು, 2005ರ ಕೊನೆಯ ದಿನ ಗಣಿ ನಿಂತಿತು. ಅಂದರೆ ಮೂರು ವರ್ಷ ಮೊದಲೇ ಎಲ್ಲರಿಗೂ ಗೊತ್ತಿತ್ತು. ಕೆಲವರು ಮಂಗಳೂರಿಗೆ ಹೋದರು, ಅಪ್ಪ ವಿ.ಆರ್.ಎಸ್. ತಗೊಂಡು ಹಾಸನಕ್ಕೆ ಬಂದರು. ಲಾರಿ ಗೊತ್ತು ಮಾಡಿ, ಬೀರು ಬಿಚ್ಚಿ, ತುಳಸಿ ಕಟ್ಟೆಯ ಮಣ್ಣು ಸಮೇತ ಒಯ್ದವರಿದ್ದಾರೆ. ಸ್ಟೌ ಮೇಲೆ ಪಾತ್ರೆ ಯಾರೂ ಬಿಟ್ಟು ಹೋಗಲಿಲ್ಲ. ನಮ್ಮಮ್ಮನಂತೂ ಪಾತ್ರೆ ಬಿಡುವವರೇ ಅಲ್ಲ.

ನಡೆದ ತಪ್ಪನ್ನೂ ಹೇಳಿದೆ, ಮುಚ್ಚಿಡಲಿಲ್ಲ. ನಮ್ಮ ಕಾಲದಲ್ಲಿ ಮಳೆಗಾಲ ಬಂದರೆ ಭದ್ರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದಳು. ನದಿ ಅಂದರೆ ಹಾಗೇ ಇರುವುದು ಅಂತ ನಾನು ನಂಬಿದ್ದೆ. ಗಂಗಾಮೂಲ ಇಲ್ಲೇ ಹತ್ತಿರ, ತುಂಗಾ ಭದ್ರಾ ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಓದುತ್ತಿದ್ದೆವು, ಆ ನೀರಿನ ಬಣ್ಣ ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ಅದಿರಿನಿಂದ ಕಬ್ಬಿಣ ಬೇರೆ ಮಾಡಿ ಉಳಿದ ಕೆಸರನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲೇ ಇದೆ, ಒಳಗೆ ಕೆಸರೂ ಇದೆ.

ಹುಡುಗ ಇಷ್ಟೂ ಹೊತ್ತು ಸುಮ್ಮನೆ ಗಾಡಿ ಓಡಿಸುತ್ತಿದ್ದ. ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಅಕ್ಕ, ನಮ್ಮ ಮನೆ ಕಾಡಿನ ಒಳಗೆ. ನಿಮ್ಮ ಕ್ವಾರ್ಟರ್ಸಿನಲ್ಲಿ ಬೀದಿ ದೀಪ ಇದ್ದಾಗ ನಮ್ಮಲ್ಲಿ ಚಿಮಣಿ ಬುಡ್ಡಿ. ನಮ್ಮಪ್ಪ ಸಣ್ಣವ ಇದ್ದಾಗ ಗುಡ್ಡದ ಮೇಲೆ ಕೂತು ನಿಮ್ಮೂರಿನ ಲೈಟ್ ನೋಡ್ತಿದ್ರಂತೆ, ಜಾತ್ರೆ ಅಂತ” ಅಂದ.

ನನಗೆ ಏನು ಹೇಳಬೇಕೋ ತೋಚಲಿಲ್ಲ.

“ನಿಮ್ಗೆ ಊರು ಹೋಯ್ತು ಅಂತ ಬೇಜಾರು. ನಮ್ಮಜ್ಜನಿಗೆ ನಿಮ್ಮೂರು ಬಂದದ್ದೇ ಬೇಜಾರು. ಗಣಿ ಹೋಯ್ತು ಅಂತ ಖುಷಿ ಪಟ್ರು, ಈಗ ಪಾರ್ಕ್ ಅಂತ ನಮಗೂ ದುಡ್ಡು ಕೊಡ್ತೇವೆ, ಹೊರಗೆ ಹೋಗಿ ಅಂತಾರೆ. ನಮ್ಮ ದೊಡ್ಡಪ್ಪ ಹೋದ್ರು. ಅಜ್ಜ ಹೋಗಲ್ಲ.”

ಅಮ್ಮ ಮುಂದಕ್ಕೆ ಬಾಗಿ, “ಅಜ್ಜನಿಗೆ ವಯಸ್ಸೆಷ್ಟಪ್ಪ?” ಅಂತ ಕೇಳಿದರು. ಎಂಬತ್ತೊಂದು. “ಹಾಗಾದ್ರೆ ನಮ್ಮ ಮನೆಗೆ ಜೇನು ತರ್ತಿದ್ದವರಲ್ಲಿ ಅವರೂ ಇರಬಹುದು” ಅಂದರು. ಇರಬಹುದು, ಇಲ್ಲದೆಯೂ ಇರಬಹುದು. ವಾರಕ್ಕೊಮ್ಮೆ ಕಾಡಿನ ಕಡೆಯಿಂದ ಜೇನು, ಬಿದಿರ ಬುಟ್ಟಿ ತಂದು ಹಿಂದಿನ ಬಾಗಿಲಲ್ಲಿ ಕೂರುತ್ತಿದ್ದವರ ಊರು ಯಾವುದು ಅಂತ ಹದಿನೆಂಟು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಈ ಹುಡುಗ ಸ್ಪೀಕರ್ ಆಫ್ ಮಾಡಿ ಇಷ್ಟನ್ನೇ ಹೇಳಿದರೆ ಟೂರಿಗೆ 1,500 ಅಲ್ಲ, 2,500 ಕೊಡಬಹುದು.

ಸಂಜೆ ಹಾಲಿನ ಹಾಳೆಯ ಮುಂದೆ ನಿಂತು ಯಜಮಾನರಿಗೆ ತಪ್ಪುಗಳನ್ನೆಲ್ಲ ಹೇಳಿದೆ. “ಟೂರಿಸ್ಟಿಗೆ ಅದೇ ಬೇಕು ಅಕ್ಕ. ಲೀಸು, ಕೋರ್ಟು ಅಂತ ಬರೆದ್ರೆ ಯಾರು ಬರ್ತಾರೆ?” ಅಂದರು. ವ್ಯಾಪಾರ ಮಾಡುವವಳಾಗಿ ಆ ಮಾತು ನನಗೆ ಅರ್ಥವಾಯಿತು. ಆದರೆ ಒಳಗಿನಿಂದ ಮನೆಯಾಕೆ, “ಒಂದೇ ರಾತ್ರಿ ಎಲ್ಲಿ ಖಾಲಿಯಾಯ್ತು? ಎರಡು ವರ್ಷ ನಾವು ಹೋಗಿ ಹೋಗಿ ಸಾಮಾನು ತಗೊಂಡು ಬಂದದ್ದು ಮರ್ತು ಹೋಯ್ತಾ?” ಅಂದರು. ಆಗ ಗೊತ್ತಾಯಿತು: ನಾವು ಮಲಗಿದ್ದ ಮಂಚ, ಹಾಲಿನ ಸ್ಟೀಲ್ ಬೀರು, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹೊಲಿಗೆ ಮಿಷನ್, ಎಲ್ಲ ಊರು ಬಿಡುವವರಿಂದ ಅಗ್ಗಕ್ಕೆ ಕೊಂಡದ್ದು. ಈ ಸೀಮೆಯ ಅರ್ಧ ಮನೆಗಳಲ್ಲಿ ಅಂಥ ಬೀರು ಇದೆಯಂತೆ. ಯಜಮಾನರು ಪೆನ್ನು ತಂದು ಲ್ಯಾಮಿನೇಷನ್ ಮೇಲೆಯೇ ‘ಬ್ರಿಟಿಷರ ಕಾಲದ’ ಅನ್ನುವುದನ್ನು ಹೊಡೆದು ಹಾಕಿದರು. ‘ಒಂದೇ ರಾತ್ರಿ’ ಹಾಗೇ ಉಳಿಯಿತು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ನಮ್ಮನೆಯವರು ಎರಡನೇ ದಿನ ಮುಳ್ಳೋಡಿಯಿಂದ ಕುದುರೆಮುಖ ಶಿಖರ ಹತ್ತಿದರು. ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ, ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು, ಹೋಂಸ್ಟೇಯವರು ಮಾಡಿಕೊಡುತ್ತಾರೆ, ಅದಕ್ಕೆ ಹೆಚ್ಚಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಇಳಿದು ಬಂದು ಎರಡು ದಿನ ಮೆಟ್ಟಿಲು ಇಳಿಯುವಾಗ ಹಿಮ್ಮುಖವಾಗಿ ಇಳಿದರು. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಬಹಳ, ವಯಸ್ಸಾದವರು ಮೇಲೆಯೇ ಕೂರುವುದು ವಾಸಿ. ಕಾಡಿನ ಗೇಟಿನಲ್ಲಿ ಟೈಮ್ ಬರೆದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲಿಸಿ ಫೋಟೋ ತೆಗೆಯುತ್ತಾ ಕೂತರೆ ಆ ಕಡೆಯ ಗೇಟಿನಲ್ಲಿ ಕೇಳುತ್ತಾರೆ. ಕತ್ತಲಾಗುವ ಮೊದಲು ದಾಟಿ. ತಲೆಗೆ ದಿನಕ್ಕೆ 1,800 ರೂಪಾಯಿ, ಮೂರು ಹೊತ್ತಿನ ಊಟ ತಿಂಡಿ ಸೇರಿ. ನಾಟಿ ಕೋಳಿಗೆ ಬೇರೆ ಹಾಕುತ್ತಾರೆ, ಅದನ್ನು ಮೊದಲೇ ಹೇಳುವುದಿಲ್ಲ, ಕೇಳಿಕೊಳ್ಳಿ.

ಕೊನೇ ದಿನ ಬೆಳಿಗ್ಗೆ ಆ ತುಳಿಯುವ ಮಿಷನ್ನಿನ ಮೇಲಿನ ಬಟ್ಟೆ ತೆಗೆದೆ. ಬೆಲ್ಟು ಸಡಿಲ, ಎಣ್ಣೆ ಕಾಣದೆ ಎಷ್ಟು ವರ್ಷವಾಗಿತ್ತೋ. ಕೊಬ್ಬರಿ ಎಣ್ಣೆ ಬಿಡಬಾರದು, ಆದರೆ ಬೇರೆ ಇರಲಿಲ್ಲ, ಎರಡು ಹನಿ ಬಿಟ್ಟೆ. ಮನೆಯಾಕೆ ಹಳೇ ಪರದೆಯ ತುಂಡು ಕೊಟ್ಟರು. ಎರಡೂ ಕಡೆ ನಾಲ್ಕಿಂಚಿನ ಪಟ್ಟಿ ಕೊಟ್ಟು ಅಗಲ ಮಾಡಿ, ಹೆಮ್ಮಿಂಗ್ ಬಿಚ್ಚಿ ಒಂದೇ ಅಳತೆಗೆ ಹೊಲಿದೆ. ಬಿಲ್ಲಿನಲ್ಲಿ ಒಂದು ಪೈಸೆ ಕಮ್ಮಿ ಮಾಡಲಿಲ್ಲ, ಒಂದು ಬಾಟಲಿ ಜೇನು ಕೊಟ್ಟರು. ಪಟ್ಟಿಯ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಆದರೆ ಸಂದಿಲ್ಲ. ಹೋಗುವವರು ರಸ್ತೆ ಬದಿಯ ಮೊದಲನೇ ರೂಮೇ ಕೇಳಿ.